ನೋಡ್‌ನಲ್ಲಿ ಫೈಲ್ ರಿನೇಮ್ ಆಗ್ತಿಲ್ವಾ? ಎರರ್ ಕೋಡ್ ಹಿಡಿದು ದೋಷ ಹುಡುಕುವ ಬಗೆ

ಅಪ್‌ಲೋಡ್ ಆದ ಫೋಟೊವನ್ನು ತಾತ್ಕಾಲಿಕ ಫೋಲ್ಡರ್‌ನಿಂದ ಅದರ ಖಾಯಂ ಜಾಗಕ್ಕೆ ಸಾಗಿಸಬೇಕು. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್‌ನಲ್ಲಿ ಇದಕ್ಕೆ ಒಂದು ಸಾಲು ಸಾಕು. ಎಫ್‌ಎಸ್.ರಿನೇಮ್ ಕರೆದು ಹಳೆಯ ಪಾತ್ (ಫೈಲ್ ಇರುವ ಜಾಗದ ವಿಳಾಸ), ಹೊಸ ಪಾತ್ ಕೊಟ್ಟರೆ ಆಯಿತು. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಸರ್ವರ್‌ಗೆ ಹಾಕಿದ ಮೇಲೆ ಲಾಗ್ ತುಂಬ ಎರರ್. ಕೋಡ್ ಅದೇ, ಫೈಲ್ ಅದೇ. ಹಾಗಾದರೆ ಬದಲಾದದ್ದೇನು?

ಬದಲಾದದ್ದು ಕೆಳಗಿನ ಸಿಸ್ಟಮ್. ರಿನೇಮ್ ಜಾವಾಸ್ಕ್ರಿಪ್ಟ್ ಮಾಡುವ ಕೆಲಸವೇ ಅಲ್ಲ. ನೋಡ್ ಅದನ್ನು ಲಿಬ್‌ಯುವಿ ಎಂಬ ಲೈಬ್ರರಿಗೆ ಕೊಡುತ್ತದೆ, ಅದು ಆಪರೇಟಿಂಗ್ ಸಿಸ್ಟಮ್‌ಗೆ ದಾಟಿಸುತ್ತದೆ. ಆಪರೇಟಿಂಗ್ ಸಿಸ್ಟಮ್ ಫೈಲಿನ ಒಳಗಿರುವ ಡೇಟಾವನ್ನು ಮುಟ್ಟುವುದಿಲ್ಲ. ಫೋಲ್ಡರ್ ಅಂದರೆ ಒಂದು ಪಟ್ಟಿ. ಆ ಪಟ್ಟಿಯಿಂದ ಒಂದು ಹೆಸರು ತೆಗೆದು ಇನ್ನೊಂದು ಹೆಸರು ಬರೆಯುತ್ತದೆ. ಜಮೀನಿನ ಖಾತೆ ಬದಲಾವಣೆ ಆಗುವುದಿಲ್ಲವೇ, ಹಾಗೆ. ಹೊಲ ಇದ್ದಲ್ಲೇ ಇರುತ್ತದೆ, ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ಹತ್ತು ಜಿಬಿ ವಿಡಿಯೊ ಕೂಡ ಕಣ್ಣು ಮುಚ್ಚಿ ತೆರೆಯುವುದರೊಳಗೆ ಜಾಗ ಬದಲಿಸುವುದು ಇದರಿಂದಲೇ. ಮುಂದೆ ಬರುವ ಎರರ್‌ಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯಿಂದ ಹುಟ್ಟುತ್ತವೆ.

## ಮೊದಲು ಎರರ್ ಪೂರ್ತಿ ಓದಿ

ಜಾಸ್ತಿ ಜನ ಕ್ಯಾಚ್ ಬ್ಲಾಕ್‌ನಲ್ಲಿ "ಫೈಲ್ ಸಾಗಿಸಲು ಆಗಲಿಲ್ಲ" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅದರಿಂದ ಯಾರಿಗೂ ಉಪಯೋಗವಿಲ್ಲ. ನೋಡ್ ಕೊಡುವ ಎರರ್ ಆಬ್ಜೆಕ್ಟ್‌ನಲ್ಲಿ ಬೇಕಾದದ್ದೆಲ್ಲ ಇರುತ್ತದೆ. ಕೋಡ್ ಅಂದರೆ ದೋಷದ ಹೆಸರು. ಸಿಸ್‌ಕಾಲ್ ಅಂದರೆ ಯಾವ ಕೆಲಸ ಮಾಡುವಾಗ ಬಿದ್ದಿತು ಎಂಬುದು. ಪಾತ್ ಹಳೆಯ ಜಾಗ, ಡೆಸ್ಟ್ ಹೊಸ ಜಾಗ. ಈ ನಾಲ್ಕನ್ನೂ ಲಾಗ್ ಮಾಡಿ.

ಸಿಸ್‌ಕಾಲ್ ನೋಡುವುದು ಮುಖ್ಯ. ಅಲ್ಲಿ "ರಿನೇಮ್" ಬದಲು "ಓಪನ್" (ತೆರೆಯುವುದು) ಅಥವಾ "ಅನ್‌ಲಿಂಕ್" (ಅಳಿಸುವುದು) ಎಂದಿದ್ದರೆ ತಪ್ಪು ಬೇರೆ ಸಾಲಿನಲ್ಲಿದೆ, ರಿನೇಮ್ ಮೇಲೆ ಸುಮ್ನೆ ಅನುಮಾನ ಬೇಡ. ಪಾತ್ ಮತ್ತು ಡೆಸ್ಟ್ ಎರಡನ್ನೂ ಜೇಸನ್.ಸ್ಟ್ರಿಂಗಿಫೈ ಮಾಡಿ ಪ್ರಿಂಟ್ ಮಾಡಿ. ಕೊನೆಯಲ್ಲಿ ಅಂಟಿಕೊಂಡ ಸ್ಪೇಸ್, ಹೊಸ ಸಾಲಿನ ಗುರುತು, ವಿಂಡೋಸ್‌ನಲ್ಲಿ ತಯಾರಾದ ಪಟ್ಟಿಯಿಂದ ಬಂದ ಕ್ಯಾರೇಜ್ ರಿಟರ್ನ್, ಇವೆಲ್ಲ ಆಗ ಮಾತ್ರ ಕಣ್ಣಿಗೆ ಬೀಳುತ್ತವೆ.

ಕೋಡ್‌ನಲ್ಲಿ ಹೋಲಿಸುವಾಗ ಎರರ್ ನಂಬರ್ ಬಳಸಬೇಡಿ, ಹೆಸರು ಬಳಸಿ. "ಫೈಲ್ ಇಲ್ಲ" ಎನ್ನುವುದಕ್ಕೆ ಲಿನಕ್ಸ್‌ನಲ್ಲಿ -2, ವಿಂಡೋಸ್‌ನಲ್ಲಿ -4058 ಬರುತ್ತದೆ. ಹೆಸರು ಎರಡೂ ಕಡೆ ಇ-ನೋಎಂಟ್.

## ಇ-ನೋಎಂಟ್: ಇಲ್ಲ ಅಂದರೆ ಯಾವುದು ಇಲ್ಲ?

"ಫೈಲ್ ಇದೆ ಸ್ವಾಮಿ, ನಾನೇ ನೋಡ್ತಿದ್ದೇನಲ್ಲ!" ಇ-ನೋಎಂಟ್ ಬಂದಾಗ ಎಲ್ಲರೂ ಹೇಳುವ ಮಾತು ಇದು. ಫೈಲ್ ಇರಬಹುದು. ಆದರೆ ಹೋಗಬೇಕಾದ ಫೋಲ್ಡರ್ ಇದೆಯೇ? ರಿನೇಮ್ ಹೊಸ ಫೋಲ್ಡರ್ ಸೃಷ್ಟಿಸುವುದಿಲ್ಲ. ಹೊಸ ಹೆಸರು ಬರೆಯುವ ಪಟ್ಟಿಯೇ ಇಲ್ಲದಿದ್ದರೂ ಇದೇ ಎರರ್ ಬರುತ್ತದೆ. ಸಾಗಿಸುವ ಮೊದಲು ಡೆಸ್ಟ್‌ನ ಪಾತ್.ಡಿರ್‌ನೇಮ್ ತೆಗೆದುಕೊಂಡು, ರಿಕರ್ಸಿವ್ ಟ್ರೂ ಕೊಟ್ಟು ಎಂಕೆಡಿರ್ ಮಾಡಿ, ಅಂದರೆ ಫೋಲ್ಡರ್ ಸೃಷ್ಟಿಸಿ. ಆ ಫೋಲ್ಡರ್ ಮೊದಲೇ ಇದ್ದರೂ ಅದು ತಕರಾರು ಮಾಡುವುದಿಲ್ಲ.

ಇದರ ಇನ್ನೊಂದು ರೂಪ ನಮ್ಮ ಕಡೆ ಬಹಳ ಕಾಣುತ್ತದೆ. ಫೈಲ್ ಹೆಸರಿಗೆ ದಿನಾಂಕ ಸೇರಿಸೋಣ ಅಂತ ಟು-ಲೊಕೇಲ್-ಡೇಟ್-ಸ್ಟ್ರಿಂಗ್ ಬಳಸುತ್ತಾರೆ. ಭಾರತದ ಲೊಕೇಲ್‌ನಲ್ಲಿ ಅದು 12/8/2024 ಎಂದು ಕೊಡುತ್ತದೆ. ಆ ಓರೆಗೆರೆಗಳನ್ನು ಸಿಸ್ಟಮ್ ಫೋಲ್ಡರ್ ಎಂದೇ ಓದುತ್ತದೆ. 12 ಎಂಬ ಫೋಲ್ಡರ್ ಒಳಗೆ 8 ಎಂಬ ಫೋಲ್ಡರ್ ಹುಡುಕುತ್ತದೆ, ಸಿಗುವುದಿಲ್ಲ. ಹಾಗಂತ ಐಎಸ್‌ಒ ಸ್ಟ್ರಿಂಗ್ ಹಾಕಿದರೆ ಅದರ ಸಮಯದಲ್ಲಿ ಕೋಲನ್ ಇರುತ್ತದೆ. ಲಿನಕ್ಸ್ ಅದಕ್ಕೆ ಒಪ್ಪುತ್ತದೆ, ವಿಂಡೋಸ್ ಒಪ್ಪುವುದಿಲ್ಲ. ಎರಡನ್ನೂ ಅಡ್ಡಗೆರೆಗೆ ಬದಲಿಸಿ ಬಿಡಿ.

ಮೂರನೆಯದು ಫೋಲ್ಡರ್‌ನಲ್ಲಿ ಏನೇನಿದೆ ಎಂದು ಓದುವ ರೀಡ್‌ಡಿರ್. ಅದು ಕೊಡುವುದು ಬರೀ ಹೆಸರು, ಪೂರ್ತಿ ಪಾತ್ ಅಲ್ಲ. ಬಂದ ಹೆಸರನ್ನು ನೇರವಾಗಿ ರಿನೇಮ್‌ಗೆ ಕೊಟ್ಟರೆ, ನೋಡ್ ಅದನ್ನು ಪ್ರೋಗ್ರಾಂ ಶುರುವಾದ ಫೋಲ್ಡರ್‌ನಲ್ಲಿ ಹುಡುಕುತ್ತದೆ. ಪಾತ್.ಜಾಯಿನ್ ಹಾಕಿ ಫೋಲ್ಡರ್ ಸೇರಿಸಲೇಬೇಕು, ಹಳೆಯ ಹೆಸರಿಗೂ ಹೊಸ ಹೆಸರಿಗೂ. ಹಳೆಯದಕ್ಕೆ ಮಾತ್ರ ಸೇರಿಸಿದರೆ ಎರರ್ ಬರುವುದಿಲ್ಲ, ಫೈಲುಗಳೆಲ್ಲ ಪ್ರಾಜೆಕ್ಟ್‌ನ ಮೂಲ ಫೋಲ್ಡರ್‌ಗೆ ಬಂದು ಬೀಳುತ್ತವೆ. ಅದು ಇನ್ನೂ ಕೆಟ್ಟದ್ದು.

"ಶುರುವಾದ ಫೋಲ್ಡರ್" ಎಂದೆನಲ್ಲ, ಅದನ್ನು ಪ್ರೋಸೆಸ್.ಸಿಡಬ್ಲ್ಯೂಡಿ ತೋರಿಸುತ್ತದೆ. ನಿಮ್ಮ ಸ್ಕ್ರಿಪ್ಟ್ ಎಲ್ಲಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಟರ್ಮಿನಲ್‌ನಲ್ಲಿ ಪ್ರಾಜೆಕ್ಟ್ ಒಳಗೆ ನಿಂತು ಓಡಿಸಿದಾಗ ಎರಡೂ ಒಂದೇ ಆಗಿರುತ್ತವೆ, ಹಾಗಾಗಿ ದೋಷ ಕಾಣುವುದಿಲ್ಲ. ಲಿನಕ್ಸ್‌ನಲ್ಲಿ ಹಿನ್ನೆಲೆಯ ಪ್ರೋಗ್ರಾಂಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯ ಸರ್ವಿಸ್ ಆಗಿ ಓಡಿಸಿ, ವರ್ಕಿಂಗ್ ಡೈರೆಕ್ಟರಿ ಬರೆಯಲು ಮರೆತರೆ ಅದು ರೂಟ್ ಫೋಲ್ಡರ್‌ನಿಂದ ಶುರುವಾಗುತ್ತದೆ. "ಸರ್ವರ್‌ನಲ್ಲಿ ಮಾತ್ರ ಬರ್ತಿದೆ" ಎನ್ನುವ ದೂರುಗಳಲ್ಲಿ ನಾನು ಮೊದಲು ಕೇಳುವುದೇ ಇದನ್ನು. ಅದೇ ಸರ್ವಿಸ್ ಫೈಲ್‌ನಲ್ಲಿ ಪ್ರೈವೇಟ್ ಟೆಂಪ್ ಎಂಬ ಸೆಟ್ಟಿಂಗ್ ಆನ್ ಇದ್ದರೆ ಇನ್ನೊಂದು ಮಜಾ ಇದೆ. ಆ ಸರ್ವಿಸ್‌ಗೆ ಕಾಣುವ ಟೆಂಪ್ ಫೋಲ್ಡರ್ ಬೇರೆ, ನೀವು ಎಸ್‌ಎಸ್‌ಎಚ್ ಮಾಡಿ (ದೂರದಿಂದ ಸರ್ವರ್‌ಗೆ ಲಾಗಿನ್ ಆಗಿ) ನೋಡುವ ಟೆಂಪ್ ಫೋಲ್ಡರ್ ಬೇರೆ. ಫೈಲ್ ನಿಮ್ಮ ಕಣ್ಣಿಗೆ ಕಾಣುತ್ತದೆ, ನೋಡ್‌ಗೆ ಕಾಣುವುದಿಲ್ಲ.

ಇನ್ನು ಸಣ್ಣಪುಟ್ಟವು. ಹೋಮ್ ಫೋಲ್ಡರ್‌ಗೆ ಬಳಸುವ ಟಿಲ್ಡೆಯನ್ನು ಬಿಡಿಸಿ ಓದುವುದು ಶೆಲ್, ನೋಡ್ ಅಲ್ಲ. ವಿಂಡೋಸ್ ಪಾತ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಆದ ಮೇಲೆ ಇಂಗ್ಲಿಷಿನ ಎನ್ ಅಕ್ಷರ ಬಂದರೆ ಜಾವಾಸ್ಕ್ರಿಪ್ಟ್ ಅದನ್ನು ಹೊಸ ಸಾಲು ಎಂದು ಓದುತ್ತದೆ, ಟಿ ಬಂದರೆ ಟ್ಯಾಬ್. ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಸಾಮಾನ್ಯವಾಗಿ ದೊಡ್ಡಕ್ಷರ ಸಣ್ಣಕ್ಷರ ಎರಡೂ ಒಂದೇ, ಲಿನಕ್ಸ್‌ನಲ್ಲಿ ಬೇರೆ ಬೇರೆ.

ಕ್ಲಸ್ಟರ್‌ನಲ್ಲಿ ಹಲವು ವರ್ಕರ್‌ಗಳಿದ್ದು (ಒಂದೇ ಪ್ರೋಗ್ರಾಂನ ಹಲವು ಪ್ರತಿಗಳು ಓಡುತ್ತಿದ್ದು), ಎಲ್ಲವೂ ಒಂದೇ ಫೋಲ್ಡರ್‌ನಿಂದ ಕೆಲಸ ಎತ್ತಿಕೊಳ್ಳುತ್ತಿದ್ದರೆ, ಆಗೊಮ್ಮೆ ಈಗೊಮ್ಮೆ ಬರುವ ಇ-ನೋಎಂಟ್ ದೋಷವೇ ಅಲ್ಲ. ಬೇರೆ ವರ್ಕರ್ ಮೊದಲು ಎತ್ತಿಕೊಂಡಿದೆ ಎಂದರ್ಥ. ಒಂದು ಫೈಲನ್ನು ಒಬ್ಬರೇ ರಿನೇಮ್ ಮಾಡಲು ಸಾಧ್ಯ. ಹಾಗಾಗಿ ಸೋತವರು ಸುಮ್ಮನೆ ಮುಂದಿನ ಫೈಲಿಗೆ ಹೋಗಲಿ.

## ಕನ್ನಡ ಹೆಸರಿನ ಫೈಲುಗಳು

ಇಂಗ್ಲಿಷ್ ಲೇಖನಗಳಲ್ಲಿ ಇದು ಸಿಗುವುದು ಕಡಿಮೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. "ಕೋಲಾರ" ಎಂಬ ಹೆಸರನ್ನು ಯೂನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆಯಬಹುದು. ಓಕಾರದ ಗುರುತು ಒಂದೇ ಕೋಡ್ ಆಗಿ ಬರಬಹುದು. ಇಲ್ಲವೇ ಎಕಾರದ ಗುರುತು, ಊಕಾರದ ಗುರುತು, ದೀರ್ಘದ ಗುರುತು ಎಂದು ಮೂರು ತುಂಡಾಗಿ ಬರಬಹುದು. ಪರದೆಯ ಮೇಲೆ ಎರಡೂ ಒಂದೇ. ಆದರೆ ಜಾವಾಸ್ಕ್ರಿಪ್ಟ್‌ನಲ್ಲಿ ಲೆಂತ್ ಕೇಳಿದರೆ ಒಂದಕ್ಕೆ 5, ಇನ್ನೊಂದಕ್ಕೆ 7. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಮ್ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಲಿನಕ್ಸ್‌ನ ಇಎಕ್ಸ್‌ಟಿ4 ಬೈಟ್‌ಗಳನ್ನು ಮಾತ್ರ ನೋಡುತ್ತದೆ, ಅಕ್ಷರಗಳನ್ನಲ್ಲ. ಅದರ ಕಣ್ಣಿಗೆ ಇವು ಎರಡು ಬೇರೆ ಫೈಲ್.

ಡೇಟಾಬೇಸ್‌ನಲ್ಲಿ ಒಂದು ರೂಪ, ಡಿಸ್ಕ್‌ನಲ್ಲಿ ಇನ್ನೊಂದು ರೂಪ ಇದ್ದರೆ ಇ-ನೋಎಂಟ್ ಖಚಿತ. ಎಷ್ಟು ಕಣ್ಣು ಕಿರಿದು ಮಾಡಿ ನೋಡಿದರೂ ವ್ಯತ್ಯಾಸ ಸಿಗುವುದಿಲ್ಲ. ಎರಡೂ ಹೆಸರಿನ ಲೆಂತ್ ಹೋಲಿಸಿ. ಬೇರೆ ಬಂದರೆ, ಹೆಸರು ಒಳಗೆ ಬರುವ ಬಾಗಿಲಲ್ಲೇ ನಾರ್ಮಲೈಸ್ ಕರೆದು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳನ್ನು ಕೂಡಿಸಿದ ರೂಪಕ್ಕೆ ತನ್ನಿ. ಈಗಾಗಲೇ ಡಿಸ್ಕ್‌ನಲ್ಲಿರುವ ಫೈಲುಗಳಿಗಾದರೆ ರೀಡ್‌ಡಿರ್ ಮಾಡಿ, ಬಂದ ಪ್ರತಿ ಹೆಸರನ್ನೂ ಎನ್‌ಎಫ್‌ಸಿ ಮಾಡಿ ಹೋಲಿಸಿ. ಹೊಂದಿದ್ದು ಸಿಕ್ಕಾಗ ಡಿಸ್ಕ್‌ನಲ್ಲಿದ್ದ ಮೂಲ ಹೆಸರನ್ನೇ ರಿನೇಮ್‌ಗೆ ಕೊಡಿ.

ಎನ್‌ಎಫ್‌ಸಿ ಸರಿಮಾಡದ ಒಂದು ತೊಂದರೆಯೂ ಇದೆ. "ರಾಜ್‌ಕುಮಾರ್" ಎಂದು ಅರ್ಧಾಕ್ಷರ ಬಿಡಿಸಿ ಬರೆಯಲು ನಡುವೆ ಕಾಣದ ಒಂದು ಅಕ್ಷರ ಕೂರುತ್ತದೆ, ಅದು ಜೀರೊ ವಿಡ್ತ್ ನಾನ್ ಜಾಯಿನರ್. ಕೆಲವು ಕೀಬೋರ್ಡ್‌ಗಳು ಪದದ ಕೊನೆಯ ಅರ್ಧಾಕ್ಷರದ ನಂತರವೂ ಅದನ್ನು ಅಂಟಿಸುತ್ತವೆ. ಅಲ್ಲಂತೂ ಅದು ಯಾವ ಫಾಂಟ್‌ನಲ್ಲೂ ಕಾಣುವುದಿಲ್ಲ. ನಡುವೆ ಇರುವುದನ್ನು ತೆಗೆದರೆ ಹೆಸರಿನ ರೂಪ ಕೆಡುತ್ತದೆ, ಕೊನೆಯಲ್ಲಿರುವುದನ್ನು ತೆಗೆದರೆ ನಷ್ಟವಿಲ್ಲ.

ಉದ್ದದ ವಿಷಯ. ಲಿನಕ್ಸ್‌ನಲ್ಲಿ ಒಂದು ಹೆಸರಿಗೆ ಸಿಗುವುದು 255 ಬೈಟ್. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಕೋಡ್‌ಗೂ 3 ಬೈಟ್ ಬೇಕು, ಅಂದರೆ 85 ಕೋಡ್‌ಗೆ ಕೋಟಾ ಮುಗಿಯಿತು. "ಕ್ಷ" ಒಂದಕ್ಕೇ ಮೂರು ಕೋಡ್, 9 ಬೈಟ್. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ ಮಿತಿ 255 ಯುಟಿಎಫ್-16 ಘಟಕ, ಆದ್ದರಿಂದ ಅಲ್ಲಿ ಆರಾಮಾಗಿ ಕೂತಿದ್ದ ಉದ್ದ ಹೆಸರಿನ ಪಿಡಿಎಫ್ ಲಿನಕ್ಸ್‌ಗೆ ಬಂದ ಕೂಡಲೇ ಇ-ನೇಮ್‌ಟೂಲಾಂಗ್ (ಹೆಸರು ತೀರಾ ಉದ್ದ) ಎನ್ನುತ್ತದೆ. ಬಫರ್.ಬೈಟ್‌ಲೆಂತ್‌ನಿಂದ ಅಳೆಯಿರಿ, ಸ್ಟ್ರಿಂಗ್‌ನ ಲೆಂತ್‌ನಿಂದ ಅಲ್ಲ.

ಅಪ್‌ಲೋಡ್‌ಗೆ ಮಲ್ಟರ್ ಎಂಬ ಪ್ಯಾಕೇಜ್ ಬಳಸುವವರಿಗೆ ಇನ್ನೊಂದು ಮಾತು. ಅದರ 1.4.5 ಎಲ್‌ಟಿಎಸ್ ಸರಣಿಯಲ್ಲಿ ಫೈಲಿನ ಮೂಲ ಹೆಸರನ್ನು ಲ್ಯಾಟಿನ್-1 (ಪಾಶ್ಚಾತ್ಯ ಅಕ್ಷರಗಳ ಹಳೆಯ ಎನ್‌ಕೋಡಿಂಗ್) ಎಂದು ಓದಿ ಕೊಡುತ್ತದೆ. ಕನ್ನಡದ ಬದಲು ತಲೆಬುಡವಿಲ್ಲದ ಚಿಹ್ನೆಗಳು ಕಾಣುತ್ತವೆ. ಬಫರ್.ಫ್ರಮ್‌ಗೆ ಆ ಹೆಸರನ್ನೂ ಲ್ಯಾಟಿನ್1 ಎಂಬುದನ್ನೂ ಕೊಟ್ಟು, ಯುಟಿಎಫ್8 ಸ್ಟ್ರಿಂಗ್ ಮಾಡಿದರೆ ಕನ್ನಡ ವಾಪಸ್ ಬರುತ್ತದೆ. ಹಾಗೇ ಬಿಟ್ಟರೆ ಪ್ರತಿ ಕನ್ನಡ ಕೋಡ್ 6 ಬೈಟ್ ನುಂಗುತ್ತದೆ, ಆಗ 42ಕ್ಕೇ ಮಿತಿ ಮುಗಿಯುತ್ತದೆ. ನನ್ನನ್ನು ಕೇಳಿದರೆ, ಡಿಸ್ಕ್‌ನಲ್ಲಿ ಕ್ರಿಪ್ಟೊ.ರ್‍ಯಾಂಡಮ್-ಯುಯುಐಡಿ ಕೊಡುವ ಯಾದೃಚ್ಛಿಕ ಹೆಸರು ಇಡಿ, ಕನ್ನಡದ ಹೆಸರು ಡೇಟಾಬೇಸ್‌ನಲ್ಲಿರಲಿ. ಡೌನ್‌ಲೋಡ್ ಕೊಡುವಾಗ ಆ ಹೆಸರು ಹಾಕಿ ಕಳಿಸಿದರಾಯಿತು.

## ಇ-ಎಕ್ಸ್‌ಡೆವ್: ಪಟ್ಟಿ ಬೇರೆ, ಡಿಸ್ಕ್ ಬೇರೆ

ಲ್ಯಾಪ್‌ಟಾಪ್‌ನಲ್ಲಿ ಓಡಿ ಸರ್ವರ್‌ನಲ್ಲಿ ಬೀಳುವುದರಲ್ಲಿ ಇದೇ ಮುಂದು. ರಿನೇಮ್ ಬರೀ ಹೆಸರು ಬದಲಿಸುತ್ತದೆ ಎಂದ ಮೇಲೆ, ಎರಡು ಬೇರೆ ಫೈಲ್ ಸಿಸ್ಟಮ್‌ಗಳ ನಡುವೆ ಅದು ನಡೆಯಲು ಸಾಧ್ಯವಿಲ್ಲ. ಡೇಟಾ ಈ ಡಿಸ್ಕ್‌ನಲ್ಲಿ, ಹೆಸರು ಆ ಡಿಸ್ಕ್‌ನಲ್ಲಿ ಇರಲು ಆಗುತ್ತದೆಯೇ? ವಿಂಡೋಸ್‌ನಲ್ಲಿ ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಹೋದರೆ ಇದು ಬರುತ್ತದೆ. ಲಿನಕ್ಸ್‌ನಲ್ಲಿ ಟೆಂಪ್ ಫೋಲ್ಡರ್ ಎಷ್ಟೋ ಕಡೆ ಟೆಂಪ್‌ಎಫ್‌ಎಸ್, ಅಂದರೆ ಮೆಮೊರಿಯಲ್ಲಿರುವ ಬೇರೆಯೇ ಫೈಲ್ ಸಿಸ್ಟಮ್. ಪ್ರೋಗ್ರಾಂ ಅನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸುವ ಡಾಕರ್‌ನಲ್ಲಿ ಟೆಂಪ್ ಕಂಟೇನರ್ ಒಳಗಿರುತ್ತದೆ, ಅಪ್‌ಲೋಡ್ ಫೋಲ್ಡರ್ ಹೊರಗಿನಿಂದ ಜೋಡಿಸಿದ ವಾಲ್ಯೂಮ್ ಮೇಲಿರುತ್ತದೆ.

ಪತ್ತೆಗೆ ಎರಡೂ ಫೋಲ್ಡರ್‌ಗಳ ಮೇಲೆ ಡಿಎಫ್ ಕಮಾಂಡ್ ಓಡಿಸಿ. ಮೌಂಟ್ ಪಾಯಿಂಟ್ (ಫೈಲ್ ಸಿಸ್ಟಮ್ ಜೋಡಿಸಿರುವ ಜಾಗ) ಬೇರೆ ತೋರಿಸಿದರೆ ಕಾರಣ ಸಿಕ್ಕಿತು. ನೋಡ್ ಒಳಗಿಂದಲೇ ಎಫ್‌ಎಸ್.ಸ್ಟ್ಯಾಟ್ ಕೊಡುವ ಡೆವ್ ನಂಬರ್ ಹೋಲಿಸಬಹುದು, ಆದರೆ ಅದನ್ನು ಪೂರ್ತಿ ನಂಬಬೇಡಿ. ಒಂದೇ ಡಿಸ್ಕ್‌ನ ಎರಡು ಫೋಲ್ಡರ್‌ಗಳನ್ನು ಡಾಕರ್‌ಗೆ ಎರಡು ಬೇರೆ ಬೈಂಡ್ ಮೌಂಟ್ ಆಗಿ ಕೊಟ್ಟಿದ್ದರೆ ಡೆವ್ ನಂಬರ್ ಒಂದೇ ಬರುತ್ತದೆ, ಆದರೂ ಇ-ಎಕ್ಸ್‌ಡೆವ್ ಬೀಳುತ್ತದೆ. ಲಿನಕ್ಸ್ ನೋಡುವುದು ಮೌಂಟ್ ಪಾಯಿಂಟನ್ನು. ಇಲ್ಲಿ ಕೋಡ್ ಮುಟ್ಟುವುದೇ ಬೇಡ. ಎರಡರ ಮೇಲಿನ ಫೋಲ್ಡರನ್ನು ಒಂದೇ ಮೌಂಟ್ ಆಗಿ ಕೊಡಿ.

ಪರಿಹಾರಗಳಲ್ಲಿ ನನಗೆ ಹಿಡಿಸುವುದು ಕೋಡ್ ಇಲ್ಲದ್ದು. ಅಪ್‌ಲೋಡ್‌ನ ತಾತ್ಕಾಲಿಕ ಫೋಲ್ಡರನ್ನು ಕೊನೆಯ ಜಾಗವಿರುವ ವಾಲ್ಯೂಮ್‌ನಲ್ಲೇ ಇಡಿ. ರಿನೇಮ್ ಮತ್ತೆ ತಕ್ಷಣದ ಕೆಲಸವಾಗುತ್ತದೆ.

ಅದು ಆಗದಿದ್ದರೆ ಕಾಪಿ ಮಾಡಿ ಹಳೆಯದನ್ನು ಅಳಿಸಬೇಕು. ಇಲ್ಲಿ ಅವಸರ ಮಾಡುವವರೇ ಜಾಸ್ತಿ. ಕಾಪಿಫೈಲ್ ನಡುವೆ ನಿಂತುಹೋದರೆ ಅರ್ಧ ಫೈಲ್ ಉಳಿಯಬಹುದು, ಅದೇ ಹೊತ್ತಿಗೆ ಬೇರೊಂದು ರಿಕ್ವೆಸ್ಟ್ ಆ ಅರ್ಧ ಫೋಟೊವನ್ನೇ ಓದಿ ಕಳಿಸಬಹುದು. ಸರಿಯಾದ ಕ್ರಮ ಹೀಗಿದೆ. ಮೊದಲು ಹೋಗಬೇಕಾದ ಫೋಲ್ಡರ್‌ನಲ್ಲೇ ಒಂದು ತಾತ್ಕಾಲಿಕ ಹೆಸರಿಗೆ ಕಾಪಿ ಮಾಡಿ. ಪೂರ್ತಿ ಆದ ಮೇಲೆ ಅದನ್ನು ನಿಜವಾದ ಹೆಸರಿಗೆ ರಿನೇಮ್ ಮಾಡಿ. ಈಗ ಎರಡೂ ಒಂದೇ ಫೈಲ್ ಸಿಸ್ಟಮ್, ಹಾಗಾಗಿ ನಡೆಯುತ್ತದೆ. ಕೊನೆಗೆ ಮೂಲ ಫೈಲನ್ನು ಅನ್‌ಲಿಂಕ್ ಮಾಡಿ. ನಡುವೆ ಎಲ್ಲಿ ಬಿದ್ದರೂ ಮೂಲ ಫೈಲ್ ಉಳಿದಿರುತ್ತದೆ. ಸ್ಟ್ರೀಮ್ ಬಳಸುವುದಾದರೆ ಓದುವ ಕಡೆಯ ಎಂಡ್ ಬಂತೆಂದು ಮೂಲವನ್ನು ಅಳಿಸಬೇಡಿ, ಬರೆಯುವ ಕಡೆ ಇನ್ನೂ ಮುಗಿದಿರುವುದಿಲ್ಲ. ಪೈಪ್‌ಲೈನ್ ಬಳಸಿ ಅವೇಟ್ ಮಾಡಿ.

ಇಡೀ ಫೋಲ್ಡರ್ ಆದರೆ ಎಫ್‌ಎಸ್.ಸಿಪಿ ಇದೆ. ಅದು ನೋಡ್ 16.7ರಲ್ಲಿ ಪ್ರಯೋಗವಾಗಿ ಬಂತು, 22.3ರಲ್ಲಿ ಸ್ಥಿರವಾಯಿತು. ಎಫ್‌ಎಸ್-ಎಕ್ಸ್‌ಟ್ರಾ ಪ್ಯಾಕೇಜ್‌ನ ಮೂವ್ ಮೊದಲು ರಿನೇಮ್ ಪ್ರಯತ್ನಿಸಿ, ಇ-ಎಕ್ಸ್‌ಡೆವ್ ಬಂದರೆ ತಾನೇ ಕಾಪಿಗೆ ಇಳಿಯುತ್ತದೆ.

## ಇ-ಆಕ್ಸೆಸ್, ಇ-ಪರ್ಮ್, ಇ-ಬ್ಯುಸಿ

ಲಿನಕ್ಸ್ ಮತ್ತು ವಿಂಡೋಸ್‌ನಲ್ಲಿ ಇವುಗಳ ಅರ್ಥವೇ ಬೇರೆ. ಬೆರೆಸಿಕೊಂಡರೆ ಇಡೀ ದಿನ ಹೋಗುತ್ತದೆ.

ಲಿನಕ್ಸ್‌ನಲ್ಲಿ ಇದು ಅನುಮತಿಯ ಪ್ರಶ್ನೆ. ಆದರೆ ಫೈಲಿನ ಅನುಮತಿ ಅಲ್ಲ. ಬದಲಾಗುವುದು ಪಟ್ಟಿ ತಾನೇ? ಹಾಗಾಗಿ ಹಳೆಯ ಮತ್ತು ಹೊಸ ಎರಡೂ ಫೋಲ್ಡರ್‌ಗಳ ಮೇಲೆ ಬರೆಯುವ ಮತ್ತು ಒಳಹೋಗುವ ಅನುಮತಿ ಬೇಕು. ಫೈಲಿಗೆ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟರೂ ಏನೂ ಆಗದಿರುವುದು ಇದಕ್ಕೇ. ನೋಡ್ ಯಾವ ಯೂಸರ್ ಆಗಿ ಓಡುತ್ತಿದೆ ನೋಡಿ, ಆಮೇಲೆ ಎರಡೂ ಫೋಲ್ಡರ್‌ಗಳ ಒಡೆಯ ಯಾರು ನೋಡಿ. ಡಾಕರ್‌ನ ಅಧಿಕೃತ ನೋಡ್ ಇಮೇಜ್‌ನಲ್ಲಿರುವ ನೋಡ್ ಯೂಸರ್‌ನ ಐಡಿ 1000. ಹೊರಗಿನಿಂದ ಮೌಂಟ್ ಮಾಡಿದ ಫೋಲ್ಡರ್ ರೂಟ್‌ದಾಗಿದ್ದರೆ ಆ ಯೂಸರ್ ಅಲ್ಲಿ ಬರೆಯಲಾರ. ಒಡೆತನ ಬದಲಿಸಿ. ಎಲ್ಲದಕ್ಕೂ 777 ಹೊಡೆಯುವುದು ಪರಿಹಾರವಲ್ಲ, ದೋಷವನ್ನು ಮುಚ್ಚಿಡುವುದು.

ಟೆಂಪ್ ಫೋಲ್ಡರ್‌ನಲ್ಲಿ ಸ್ಟಿಕಿ ಬಿಟ್ ಇರುತ್ತದೆ. ಎಲ್ಲರೂ ಬರೆಯಬಹುದು, ಆದರೆ ಬೇರೆಯವರ ಫೈಲನ್ನು ಅಲ್ಲಿಂದ ಎತ್ತುವಂತಿಲ್ಲ. ಒಂದು ಯೂಸರ್ ಇಟ್ಟ ಫೈಲನ್ನು ಇನ್ನೊಂದು ಯೂಸರ್ ಆಗಿ ಓಡುವ ನೋಡ್ ಸಾಗಿಸಲು ಹೋದರೆ ಇ-ಪರ್ಮ್. ಇ-ಆರ್‌ಒಎಫ್‌ಎಸ್ ಬಂದರೆ ಆ ಜಾಗ ಓದಲು ಮಾತ್ರ ಇದೆ ಎಂದು. ಸಿಸ್ಟಮ್‌ಡಿಯ ಪ್ರೊಟೆಕ್ಟ್ ಸಿಸ್ಟಮ್ ಸೆಟ್ಟಿಂಗ್ ಒಮ್ಮೆ ನೋಡಿ.

ವಿಂಡೋಸ್‌ನಲ್ಲಿ ಇ-ಪರ್ಮ್ ಅಥವಾ ಇ-ಬ್ಯುಸಿ ಬಂದರೆ ಹತ್ತರಲ್ಲಿ ಎಂಟು ಸಲ ಅನುಮತಿಯ ಮಾತೇ ಅಲ್ಲ. ಫೈಲನ್ನು ಯಾರೋ ಹಿಡಿದುಕೊಂಡಿದ್ದಾರೆ ಎಂದರ್ಥ. ಅಡ್ಮಿನ್ ಆಗಿ ಓಡಿಸಿದರೂ ಹೋಗುವುದಿಲ್ಲ. ಮೊದಲು ನಿಮ್ಮ ಕೋಡನ್ನೇ ಅನುಮಾನಿಸಿ. ಮುಚ್ಚದ ರೀಡ್ ಸ್ಟ್ರೀಮ್, ಕ್ಲೋಸ್ ಮಾಡದ ಫೈಲ್ ಹ್ಯಾಂಡಲ್ ಇವೆಯೇ? ಚಿತ್ರ ಚಿಕ್ಕದು ಮಾಡಲು ಶಾರ್ಪ್ ಬಳಸುತ್ತಿದ್ದರೆ ಅದರ ಕ್ಯಾಶ್ ಫೈಲನ್ನು ಹಿಡಿದಿಟ್ಟುಕೊಂಡಿರಬಹುದು, ಶಾರ್ಪ್.ಕ್ಯಾಶ್‌ಗೆ ಫಾಲ್ಸ್ ಕೊಟ್ಟು ನೋಡಿ. ಆಮೇಲೆ ಆಂಟಿವೈರಸ್, ಸರ್ಚ್ ಇಂಡೆಕ್ಸರ್, ಕ್ಲೌಡ್‌ಗೆ ಸಿಂಕ್ ಮಾಡುವ ಆ್ಯಪ್. ಫೋಲ್ಡರ್ ಆದರೆ ಅದರೊಳಗೆ ನಿಂತಿರುವ ಒಂದು ಟರ್ಮಿನಲ್ ಕಿಟಕಿ ಸಾಕು ತಡೆಯಲು. ರಿಸೋರ್ಸ್ ಮಾನಿಟರ್‌ನ ಸಿಪಿಯು ಟ್ಯಾಬ್‌ನಲ್ಲಿ ಹ್ಯಾಂಡಲ್ ಹುಡುಕುವ ಜಾಗವಿದೆ, ಫೈಲ್ ಹೆಸರು ಹಾಕಿದರೆ ಹಿಡಿದವರು ಯಾರೆಂದು ಹೇಳುತ್ತದೆ.

ಆಂಟಿವೈರಸ್ ಕಾರಣವಾದರೆ ಕ್ಷಣ ಕಾದು ಮತ್ತೆ ಪ್ರಯತ್ನಿಸುವುದೇ ದಾರಿ. ಅಳಿಸುವ ಎಫ್‌ಎಸ್.ಆರ್‌ಎಂಗೆ ಮ್ಯಾಕ್ಸ್ ರಿಟ್ರೈಸ್ ಆಯ್ಕೆ ಇದೆ, ರಿನೇಮ್‌ಗೆ ಇಲ್ಲ. ಮರುಪ್ರಯತ್ನದ ಕೋಡ್ ನೀವೇ ಬರೆಯಬೇಕು, ಇಲ್ಲವೇ ಗ್ರೇಸ್‌ಫುಲ್-ಎಫ್‌ಎಸ್ ಪ್ಯಾಕೇಜ್ ಬಳಸಬೇಕು. ಅದೂ ವಿಂಡೋಸ್‌ನಲ್ಲಿ ಮಾತ್ರ, ಈ ಮೂರು ಕೋಡ್‌ಗೆ ಮಾತ್ರ, ಕೆಲವೇ ಸಲ. ಲಿನಕ್ಸ್‌ನಲ್ಲಿ ಇ-ಆಕ್ಸೆಸ್‌ಗೆ ಎಷ್ಟು ಸಲ ಬಾಗಿಲು ತಟ್ಟಿದರೂ ಅದು ತೆರೆಯುವುದಿಲ್ಲ.

## ಬೇಗ ಮುಗಿಯುವ ಕೆಲವು

ಇ-ಈಸ್‌ಡಿರ್ ಬಂದರೆ ನೀವು ಡೆಸ್ಟ್ ಆಗಿ ಬರೀ ಫೋಲ್ಡರ್ ಕೊಟ್ಟಿದ್ದೀರಿ. ಟರ್ಮಿನಲ್‌ನ ಎಂವಿ ಕಮಾಂಡ್ ತಾನೇ ಅರ್ಥ ಮಾಡಿಕೊಂಡು ಫೋಲ್ಡರ್ ಒಳಗೆ ಹಾಕುತ್ತದೆ, ರಿನೇಮ್‌ಗೆ ಫೈಲ್ ಹೆಸರು ಸೇರಿಸಿ ಪೂರ್ತಿ ಕೊಡಬೇಕು. ಇ-ನಾಟ್‌ಎಂಪ್ಟಿ ಅಂದರೆ ಅದೇ ಹೆಸರಿನ ಫೋಲ್ಡರ್ ಆಗಲೇ ಇದೆ, ಒಳಗೆ ಫೈಲುಗಳೂ ಇವೆ. ರಿನೇಮ್ ಎರಡು ಫೋಲ್ಡರ್‌ಗಳನ್ನು ಬೆರೆಸುವುದಿಲ್ಲ. ಇ-ಇನ್‌ವಾಲ್ ಫೋಲ್ಡರನ್ನು ಅದರದೇ ಒಳಗಿನ ಫೋಲ್ಡರ್‌ಗೆ ಸಾಗಿಸಲು ಹೋದಾಗ ಬರುತ್ತದೆ.

"ಸಿಬಿ ಆರ್ಗ್ಯುಮೆಂಟ್ ಫಂಕ್ಷನ್ ಆಗಿರಬೇಕು" ಎಂಬ ಟೈಪ್ ಎರರ್ ಬಂದರೆ ಫೈಲ್ ಸಿಸ್ಟಮ್‌ನ ತಪ್ಪಿಲ್ಲ. ಕಾಲ್‌ಬ್ಯಾಕ್ ರೂಪದ ಎಫ್‌ಎಸ್ ತಂದುಕೊಂಡು ಅವೇಟ್ ಹಾಕಿದ್ದೀರಿ. ಎಫ್‌ಎಸ್/ಪ್ರಾಮಿಸಸ್‌ನಿಂದ ತನ್ನಿ. ಫಾರ್‌ಈಚ್ ಒಳಗೆ ಅಸಿಂಕ್ ಫಂಕ್ಷನ್ ಹಾಕಿದ್ದರೆ ಅದನ್ನೂ ತೆಗೆದು ಫಾರ್-ಆಫ್ ಮಾಡಿ. ಫಾರ್‌ಈಚ್ ಯಾರಿಗೂ ಕಾಯುವುದಿಲ್ಲ, ಮುಂದಿನ ಸಾಲು ಓಡುವಾಗ ಫೈಲ್ ಇನ್ನೂ ಹಳೆಯ ಜಾಗದಲ್ಲೇ ಇರುತ್ತದೆ.

## ಎರರ್ ಬಾರದ ದೋಷಗಳು

ಲಾಗ್ ಸ್ವಚ್ಛವಾಗಿದೆ, ಆದರೆ ಫೈಲುಗಳು ಕಡಿಮೆಯಾಗುತ್ತಿವೆ. ಹೊಸ ಹೆಸರಿನಲ್ಲಿ ಫೈಲ್ ಮೊದಲೇ ಇದ್ದರೆ ರಿನೇಮ್ ಕೇಳದೆ ಅದರ ಮೇಲೆ ಬರೆಯುತ್ತದೆ. ಇಬ್ಬರು ಒಂದೇ ಹೆಸರಿನ ಫೋಟೊ ಹಾಕಿದರೆ ಮೊದಲಿನವರದ್ದು ಹೋಯಿತು. "ಮೊದಲು ಇದೆಯಾ ನೋಡಿ ಆಮೇಲೆ ರಿನೇಮ್" ಎಂಬ ಉಪಾಯ ಸಾಲದು, ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಇನ್ನೊಂದು ರಿಕ್ವೆಸ್ಟ್ ನುಸುಳಬಹುದು. ರಿನೇಮ್ ಬದಲು ಎಫ್‌ಎಸ್.ಲಿಂಕ್‌ನಿಂದ ಹೊಸ ಹೆಸರು ಕೊಡಿ, ಆ ಹೆಸರು ಆಗಲೇ ಇದ್ದರೆ ಅದು ಇ-ಎಗ್ಸಿಸ್ಟ್ ಎಂದು ನಿಲ್ಲುತ್ತದೆ. ಸರಿಹೋದರೆ ಹಳೆಯ ಹೆಸರನ್ನು ಅನ್‌ಲಿಂಕ್ ಮಾಡಿ. ಹಾರ್ಡ್ ಲಿಂಕ್ ಇಲ್ಲದ ಎಕ್ಸ್‌ಫ್ಯಾಟ್‌ನಂಥ ಕಡೆ ಕಾಪಿಫೈಲ್‌ಗೆ ಎಕ್ಸ್‌ಕ್ಲ್ ಫ್ಲ್ಯಾಗ್ (ಹೆಸರು ಆಗಲೇ ಇದ್ದರೆ ನಿಲ್ಲು ಎಂಬ ಸೂಚನೆ) ಕೊಡಿ.

ಇನ್ನೊಂದು ಲಾಗ್ ಫೈಲಿನದೇ. ರಾತ್ರಿ ಅದನ್ನು ಹಳೆಯ ಹೆಸರಿಗೆ ರಿನೇಮ್ ಮಾಡಿದ್ದೀರಿ, ಬೆಳಿಗ್ಗೆ ನೋಡಿದರೆ ಹೊಸ ಲಾಗ್ ಹುಟ್ಟೇ ಇಲ್ಲ, ಹಳೆಯದೇ ಬೆಳೆಯುತ್ತಿದೆ. ಲಿನಕ್ಸ್‌ನಲ್ಲಿ ತೆರೆದಿರುವ ಫೈಲನ್ನೂ ರಿನೇಮ್ ಮಾಡಬಹುದು, ಮತ್ತು ತೆರೆದ ಸ್ಟ್ರೀಮ್ ಹಿಡಿದಿರುವುದು ಫೈಲನ್ನು, ಹೆಸರನ್ನಲ್ಲ. ಎಲ್‌ಎಸ್‌ಒಎಫ್ ಓಡಿಸಿದರೆ ನೋಡ್ ಯಾವ ಫೈಲ್ ಹಿಡಿದಿದೆ ಎಂದು ಕಾಣುತ್ತದೆ. ರಿನೇಮ್ ಆದ ಕೂಡಲೇ ಹಳೆಯ ಸ್ಟ್ರೀಮ್ ಮುಚ್ಚಿ ಹೊಸದು ತೆರೆಯಬೇಕು. ಲಾಗ್‌ರೊಟೇಟ್‌ನ ಕಾಪಿಟ್ರಂಕೇಟ್ (ಲಾಗನ್ನು ಕಾಪಿ ಮಾಡಿ ಮೂಲವನ್ನು ಖಾಲಿ ಮಾಡುವ ಆಯ್ಕೆ) ಬಳಸುವುದಾದರೆ ಸ್ಟ್ರೀಮನ್ನು ಅಪೆಂಡ್ ಮೋಡ್‌ನಲ್ಲಿ ತೆರೆದಿರಬೇಕು. ಇಲ್ಲದಿದ್ದರೆ ಖಾಲಿ ಮಾಡಿದ ಮೇಲೂ ಅದು ಹಿಂದೆ ನಿಂತಿದ್ದ ಜಾಗದಿಂದಲೇ ಬರೆಯುತ್ತದೆ, ಫೈಲಿನ ಮುಂಭಾಗ ಪೂರ್ತಿ ಸೊನ್ನೆ ಬೈಟ್‌ಗಳಿಂದ ತುಂಬಿರುತ್ತದೆ.